ಮೂರನೆಯ ಮನೆಯ ಲೆಕ್ಕ

ಅಕ್ಕೋರ ಬಲಗೈ ತೋರುಬೆರಳಿನ ಉಗುರು ಉಳಿದವುಗಳಿಗಿಂತ ಉದ್ದವಾಗಿತ್ತು. ತಪ್ಪು ಕಂಡರೆ ಅವರು ಪೆನ್ನು ಹಿಡಿಯುತ್ತಿರಲಿಲ್ಲ, ಹಾಳೆ ಹರಿಯುವ ಹಾಗೆ ಆ ಉಗುರಿನಿಂದ ಗೀರುತ್ತಿದ್ದರು. ಬೆಟಗೇರಿಯ ನಮ್ಮ ಶಾಲೆಯಲ್ಲಿ ಅವರು ಗಣಿತ ಕಲಿಸುತ್ತಿದ್ದರು. ಅವರು ತೀರಿಕೊಂಡು ವರ್ಷವಾಯಿತು. ಸತ್ತವರೆಂದು ನಾನು ಮೆತ್ತಗೆ ಬರೆಯಲಾರೆ.

ಕಲಿಸುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಇದನ್ನು ಒಪ್ಪಿಕೊಳ್ಳಲು ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಒಂಬತ್ತನೆಯ ತರಗತಿಯಲ್ಲಿ ರೇಖಾತ್ಮಕ ಸಮೀಕರಣ ಶುರುಮಾಡಿದ ದಿನ ಅವರು ಪುಸ್ತಕ ಮುಟ್ಟಲೇ ಇಲ್ಲ.

“ಗದಗ ಸ್ಟೇಷನ್ನಿನ್ಯಾಗ ಆಟೋ ಹತ್ತೀರಿ. ಹತ್ತಿದ ಕೂಡ್ಲೇ ಒಂದಿಷ್ಟು ರೊಕ್ಕ. ಆಮ್ಯಾಲ ಕಿಲೋಮೀಟರಿಗೆ ಇಷ್ಟಂತ. ಹತ್ತಿದ್ದು ಬ್ಯಾರೆ, ಓಡಿದ್ದು ಬ್ಯಾರೆ. ಎರಡೂ ಕೂಡಿದ್ರ ಬಾಡಗಿ. ಎರಡ ಸಲದ ಬಾಡಗಿ ಗೊತ್ತಿದ್ರ ಉತ್ತರ ಸಿಗತೈತಿ, ಮೂರನೇ ಸಲದ್ದಕ್ಕ ಹಚ್ಚಿ ತಾಳೆ ನೋಡ್ರಿ. ತಾಳೆ ನೋಡದ ಖೋಡಿಗಳ ಲೆಕ್ಕ ನಾ ಮುಟ್ಟಂಗಿಲ್ಲ.”

ಆಮೇಲೆ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. “ನಿಮ್ಮವ್ವ ಏನ ಮಾಡ್ತಾಳ?”

ಅವರಿಗೆ ಗೊತ್ತಿಲ್ಲದ್ದೇನಲ್ಲ. ಅವರ ಯಜಮಾನರು ಮನೆಯ ಹಿಂದೆ ಮಗ್ಗ ಹಾಕಿಸಿದ್ದರು, ಅವ್ವ ಅಲ್ಲಿಗೂ ಕೆಲಸಕ್ಕೆ ಹೋಗುತ್ತಿದ್ದಳು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳ ಹಾಸು ಮುಗಿಯುತ್ತ ಬಂದಾಗ ಹಳೆಯ ಎಳೆಯ ತುದಿಗೆ ಹೊಸ ಎಳೆಯನ್ನು ಒಂದೊಂದಾಗಿ ಗಂಟು ಹಾಕಿ ಜೋಡಿಸುವುದು ಅವಳ ಕೆಲಸ. ಒಂದು ಹಾಸಿನಲ್ಲಿ ಸಾವಿರಾರು ಗಂಟು.

“ಎಳಿ ಜೋಡಸ್ತಾಳ್ರಿ.”

“ಕೂಲಿ ಹೆಂಗ?”

“ಕೊಟ್ಟಷ್ಟು ತಗೋತಾಳ್ರಿ.”

ಅಕ್ಕೋರು ನಕ್ಕರು. “ಅಂದ್ರ ನಿಮ್ಮವ್ವಗ ಲೆಕ್ಕ ಬರಂಗಿಲ್ಲ. ಅದಕ್ಕ ಮಂದಿ ತಲಿ ಬೋಳಸಾಕತ್ತಾರ. ನಾಳಿಗೆ ಮೂರ ಮನೀ ಕೂಲಿ ಬರಕೊಂಡ ಬಾ. ಹೋದದ್ದಕ್ಕೆಷ್ಟು, ನೂರ ಎಳಿಗೆಷ್ಟು, ತಗದ ತೋರಸು.”

ತರಗತಿಯೆಲ್ಲ ನಕ್ಕಿತು. ಆ ನಗೆಯಲ್ಲಿ ನನ್ನ ಗೆಳತಿಯರ ದನಿಯೂ ಇತ್ತು.

ಅವ್ವನಿಗೆ ಓದು ಬರುತ್ತಿರಲಿಲ್ಲ, ಆದರೆ ಎಣಿಕೆ ತಪ್ಪುತ್ತಿರಲಿಲ್ಲ. ನೂರು ಗಂಟು ಆದಾಗೊಮ್ಮೆ ಕೆಂಪು ದಾರದ ತುಂಡೊಂದನ್ನು ಕಟ್ಟಿಬಿಡುತ್ತಿದ್ದಳು. ಮುಗಿದ ಮೇಲೆ ಆ ಕೆಂಪು ತುಂಡುಗಳನ್ನು ಎಣಿಸಿದರೆ ಆಯಿತು. ಸಂಜೆ ನಾನು ಕೇಳಿದೆ. ಮೊದಲ ಮನೆಯಲ್ಲಿ ಮೂವತ್ತು ಕೆಂಪು, ಮುನ್ನೂರೈವತ್ತು ರೂಪಾಯಿ. ಎರಡನೆಯದರಲ್ಲಿ ನಲವತ್ತು ಕೆಂಪು, ನಾನೂರೈವತ್ತು. ಹತ್ತು ಕೆಂಪು ಹೆಚ್ಚಾದರೆ ನೂರು ರೂಪಾಯಿ ಹೆಚ್ಚು. ಅಂದರೆ ಒಂದು ಕೆಂಪಿಗೆ ಹತ್ತು. ಉಳಿದ ಐವತ್ತು ರೂಪಾಯಿ ಅವಳು ಹೋಗಿ ಬಂದದ್ದಕ್ಕೆ.

“ನಾ ನಡದದ್ದಕ್ಕೂ ಕೊಟ್ಟಾರೇನ?” ಎಂದು ಅವ್ವ ಬೆರಗಾದಳು.

ಮೂರನೆಯ ಮನೆಯಲ್ಲಿ ಐವತ್ತು ಕೆಂಪು. ಐನೂರೈವತ್ತು ಬರಬೇಕು. ಅವ್ವ ನಾನೂರು ಅಂದಳು.

“ಇಲ್ಯಾಕ ಕಡಿಮಿ?”

“ಅದು ನಿಮ್ಮ ಅಕ್ಕೋರ ಮನೀವಾ. ನೀ ಅವರ ಕೈಯಾಗ ಕಲೀತಿ. ನಾ ಹೆಂಗ ಬಾಯಿ ಬಿಟ್ಟ ಕೇಳಲಿ?”

ಮರುದಿನ ಬೋರ್ಡಿನ ಮೇಲೆ ಮೂರನ್ನೂ ಬರೆದೆ. “ಮೂರನೇದು ತಾಳೆ ಆಗವಲ್ದ್ರಿ,” ಅಂದೆ.

“ಯಾರ ಮನೀದದು?”

“ನಿಮ್ಮದ್ರಿ, ಅಕ್ಕೋರ.”

ಯಾರೂ ನಗಲಿಲ್ಲ. ಅಕ್ಕೋರ ಮುಖ ಕೆಂಪಾಗಲೂ ಇಲ್ಲ. ಡಸ್ಟರ್ ತೆಗೆದುಕೊಂಡು ಮೂರನೆಯ ಸಾಲನ್ನಷ್ಟೇ ಅಳಿಸಿದರು. “ನಿಮ್ಮವ್ವ ಎಣಸೂದ ತಪ್ಪ್ಯಾಳ. ಕುಂಡ್ರು,” ಅಂದರು. ನನ್ನ ನೋಟುಬುಕ್ಕಿನಲ್ಲಿ ಮೊದಲ ಎರಡಕ್ಕೆ ಸರಿ ಗುರುತು ಹಾಕಿ, ಮೂರನೆಯದರ ಮೇಲೆ ಉಗುರೆಳೆದರು. ಕೂಲಿ ಕಡಿಮೆ ಕೊಟ್ಟದ್ದನ್ನು ನಾನು ಮರೆತೇನು. ಅವ್ವನ ಎಣಿಕೆ ತಪ್ಪು ಅಂದದ್ದನ್ನು ಮರೆಯುವುದಿಲ್ಲ.

ಆ ಮನೆಯಿಂದ ಅವ್ವನಿಗೆ ಮತ್ತೆ ಕರೆ ಬರಲಿಲ್ಲ. “ಅಷ್ಟ ಮಂದ್ಯಾಗ ಅವರ ಹೆಸರ ತಗೀಬೇಕಿತ್ತೇನ?” ಎಂದು ನನ್ನನ್ನೇ ಬೈದು ಎರಡು ದಿನ ಮಾತು ಬಿಟ್ಟಳು. ಆದರೆ ಮುಂದಿನ ಮನೆಗೆ ಹೋದಾಗ ಹೊಸ್ತಿಲ ಹೊರಗೇ ನಿಂತು, “ಬಂದದ್ದಕ್ಕ ಐವತ್ರಿ, ನೂರ ಎಳಿಗೆ ಹತ್ತು,” ಅಂದಳು. ಆ ಮನೆಯವರು ಒಪ್ಪಿಕೊಂಡರು. ಅಲ್ಲಿಂದ ಮುಂದೆ ಅವಳು ಕೊಟ್ಟಷ್ಟು ತೆಗೆದುಕೊಂಡದ್ದಿಲ್ಲ.

ಈಗ ನಾನು ಹೊಲಿಗೆ ಮಷಿನ್ ರಿಪೇರಿ ಮಾಡುತ್ತೇನೆ. ಲಕ್ಷ್ಮೇಶ್ವರ, ಮುಂಡರಗಿಯವರೆಗೂ ಸ್ಕೂಟಿಯಲ್ಲಿ ಹೋಗುತ್ತೇನೆ. “ಬರೇ ಬಂದದ್ದಕ್ಕೂ ರೊಕ್ಕ ಏನವಾ?” ಎಂದು ಗಿರಾಕಿಗಳು ಕೇಳಿದಾಗ “ಹತ್ತಿದ್ದು ಬ್ಯಾರೆ, ಓಡಿದ್ದು ಬ್ಯಾರೆ” ಅನ್ನುತ್ತೇನೆ, ಅಕ್ಕೋರದೇ ದನಿಯಲ್ಲಿ. ನನ್ನ ಅನ್ನ ಅವರು ಕಲಿಸಿದ ಪಾಠದಿಂದ ಹುಟ್ಟುತ್ತದೆ. ಅದನ್ನು ಹೇಳುವಾಗ ಬಾಯಿ ಕಹಿಯಾಗುತ್ತದೆ.

ಅಕ್ಕೋರು ತೀರಿಕೊಂಡಾಗ ಅವರ ಮಣ್ಣಿಗೆ ನಾನು ಹೋಗಲಿಲ್ಲ. ಅವ್ವ ಹೋದಳು. “ಕಲಿಸಿದವ್ರು,” ಅಂದಳು, ಅಷ್ಟೇ.

ಅದೇ ವಾರ ನಮ್ಮ ಪಕ್ಕದ ಮನೆಯ ಹುಡುಗಿ ನೋಟುಬುಕ್ಕು ಹಿಡಿದು ನಮ್ಮ ಕಟ್ಟೆಗೆ ಬಂದಳು. ಅಕ್ಕೋರು ನಿವೃತ್ತರಾಗುವ ಮೊದಲು ಕಲಿಸಿದ ಕೊನೆಯ ತಂಡದವಳು. “ಅಕ್ಕಾ, ಅಕ್ಕೋರ ಈ ಲೆಕ್ಕ ವರ್ಷಾ ಹಾಕತಿದ್ರಂತ. ಎಳಿ ಜೋಡಸಾಕಿ ಒಬ್ಬಾಕಿ, ಲೆಕ್ಕ ಬರದಾಕಿ,” ಎಂದು ತೋರಿಸಿದಳು. ಮೂವತ್ತು ನೂರು ಎಳೆಗೆ ಮುನ್ನೂರೈವತ್ತು, ನಲವತ್ತು ನೂರಕ್ಕೆ ನಾನೂರೈವತ್ತು.

“ಮೂರನೇ ಮನಿ?” ಅಂದೆ.

“ಮೂರನೇದಾ? ಇಲ್ಲಲ್ಲಕ್ಕಾ. ಎರಡ ಮನೀದ ಇದು.”

“ಮತ್ತ ತಾಳೆ?”

“ಇದೊಂದಕ್ಕ ತಾಳೆ ಬ್ಯಾಡ ಅಂತಿದ್ರು.”

ಅವಳ ಕೈಯಿಂದ ಪೆನ್ನು ಕಸಿದುಕೊಂಡು ಆ ಎರಡು ಸಾಲಿನ ಕೆಳಗೆ ಇನ್ನೊಂದು ಸಾಲು ಬರೆದೆ. ಐವತ್ತು ನೂರಕ್ಕೆ ನಾನೂರು. ಪೆನ್ನು ಅವಳಿಗೆ ವಾಪಸು ಕೊಟ್ಟೆ.

“ಈಗ ತಾಳೆ ನೋಡು,” ಅಂದೆ.