ಕೊನೆಯ ಸಾಲಿನಲ್ಲಿ ಕೂತು ಕೇಳಿದ ಕಲ್ಯಾಣಿ

ಆ ಮೇಜಿಗೆ ಒಂದೇ ನಿಯಮವಿತ್ತು. ಕಿವಿಯಾರೆ ಕೇಳಿದ ಕಚೇರಿಯ ಬಗ್ಗೆ ಮಾತ್ರ ಮಾತಾಡಬೇಕು. ಅಪ್ಪ ಕೇಳಿದ್ದು, ರೆಕಾರ್ಡಿಂಗಿನಲ್ಲಿ ಸಿಕ್ಕಿದ್ದು, ಯಾರೋ ಫೋನಿಗೆ ಕಳಿಸಿದ್ದು ಯಾವುದೂ ಅಲ್ಲಿ ನಡೆಯುತ್ತಿರಲಿಲ್ಲ.

ತ್ರಿಪ್ಲಿಕೇನಿನ ಆ ಹೋಟೆಲಿನಲ್ಲಿ ಭಾನುವಾರ ತಿಂಡಿಯ ಗಲಾಟೆ ಮುಗಿದು, ಊಟದ ಎಲೆ ಹಾಕಲು ಇನ್ನೂ ಹೊತ್ತಿರುವಾಗ, ಕೈ ತೊಳೆಯುವ ಜಾಗದ ಪಕ್ಕದ ಮೇಜಿಗೆ ಮೂವರು ಸೇರುತ್ತಿದ್ದರು. ಒಬ್ಬರು ಹೋಟೆಲಿನ ಮಾಲೀಕರು, ಕುಂದಾಪುರದ ಕಡೆಯವರು. ಇನ್ನೊಬ್ಬರು ಬ್ಯಾಂಕಿನಿಂದ ನಿವೃತ್ತರಾದ, ಎಲ್ಲರೂ ಮಾಮಿ ಎಂದೇ ಕರೆಯುವ ಹಿರಿಯ ಹೆಂಗಸು. ಅವರ ಮನೆಯವರು ಮೂರು ತಲೆಮಾರಿನಿಂದ ಇಲ್ಲೇ ಇರುವ ಕನ್ನಡಿಗರು. ಮತ್ತೊಬ್ಬರು ನನ್ನ ಸೋದರಮಾವ, ಹದಿನೈದು ವರ್ಷದ ಹಿಂದೆ ಮೈಸೂರಿನಿಂದ ವರ್ಗವಾಗಿ ಬಂದವರು. ನುಂಗಂಬಾಕ್ಕಂನಲ್ಲಿ ಕೆಲಸ ಸಿಕ್ಕಿದ ಮೇಲೆ ನಾನು ಅವರ ಮನೆಯಲ್ಲೇ ಇದ್ದೆ. ಕಾಫಿಯ ಆಸೆಗೆ ಅವರ ಹಿಂದೆ ಹೋಗುತ್ತಿದ್ದೆ.

ನನಗೆ ಸಂಗೀತ ಅಷ್ಟಕ್ಕಷ್ಟೆ, ವಾದ ಬರುತ್ತಿತ್ತು. ಕಾಲೇಜಿನ ಐದು ವರ್ಷವೂ ಚರ್ಚಾಸ್ಪರ್ಧೆಗಳಲ್ಲಿ ಕಳೆದವಳಿಗೆ 'ಅಂಥ ಕಚೇರಿ ಇನ್ನು ಹುಟ್ಟಲ್ಲ' ಎಂಬ ಮಾತು ಕೇಳಿದರೆ ನಾಲಗೆ ತುರಿಸುತ್ತದೆ. ಎರಡು ಗಂಟೆ ತೋಡಿಯನ್ನೇ ಹಾಡಿದರು ಎಂದು ಮಾಲೀಕರು ಕಣ್ಣರಳಿಸಿದಾಗ "ಗಡಿಯಾರ ನೋಡಿದ್ರಾ?" ಎಂದು ಕೇಳಿದ್ದೆ.

"ಎಂತ ವಕೀಲೆ ಮಾರಾಯ್ರೆ ಇವಳು! ತೋಡಿ ಕೇಳ್ಲಿಕ್ಕೆ ಹೋದವ ಗಡಿಯಾರ ಎಂತಕ್ಕೆ ನೋಡ್ತಾನೆ?"

ಸಾಕ್ಷಿ ಕೇಳಬಾರದು ಎಂದರೆ ಅದು ಭಕ್ತಿ, ರಸಿಕತೆಯಲ್ಲ ಎಂದು ನಾನು ವಾದಿಸಿದ್ದೆ. ಆ ಮಾತನ್ನು ಈಗಲೂ ಹಿಂದಕ್ಕೆ ತೆಗೆದುಕೊಂಡಿಲ್ಲ.

ಆ ಭಾನುವಾರ ಮಾತು ಹಿಂದಿನ ಡಿಸೆಂಬರ್ ಸೀಸನ್ನಿನ ಒಂದು ಕಚೇರಿಯ ಕಡೆ ತಿರುಗಿತು. ನಾವು ನಾಲ್ವರೂ ಕೇಳಿದ್ದ ಕಚೇರಿ ಅದೊಂದೇ. ಕಲ್ಯಾಣಿಯ ಕೀರ್ತನೆ ಚರಣಕ್ಕೆ ಬರುವ ಹೊತ್ತಿಗೆ ಮೈಕು ಕೈಕೊಟ್ಟಿತ್ತು. ಗಾಯಕಿ ನಿಲ್ಲಿಸಲಿಲ್ಲ. ಬರಿಯ ಕಂಠದಲ್ಲೇ ಮುಂದುವರಿಸಿದರು. ಅಷ್ಟು ದೊಡ್ಡ ಸಭಾಂಗಣ ಕೆಮ್ಮುವುದನ್ನೂ ಮರೆತು ಮುಂದಕ್ಕೆ ಬಾಗಿತ್ತು. ಪಿಟೀಲಿನವರು ಕಮಾನನ್ನು ಹಗುರ ಮಾಡಿಕೊಂಡರು, ಮೃದಂಗದವರು ಬೆರಳ ತುದಿಯಲ್ಲಷ್ಟೇ ನುಡಿಸಿದರು. ನಾನೂ, ಈ ನಾನೂ, ಉಸಿರು ಬಿಗಿಹಿಡಿದು ಕೂತಿದ್ದೆ.

"ಆ ದಿವ್ಸ ನಾನು ಬಾಗಿಲ ಹತ್ರ ನಿಂತಿದ್ದದ್ದು," ಎಂದರು ಮಾಲೀಕರು. "ಪಲ್ಲವಿಗೆ ವಾಪಸ್ ಬಂದ್ರಲ್ಲ, ಮೈಯೆಲ್ಲ ಜುಮ್ಮೆಂತು."

"ಕಣ್ಣಲ್ಲಿ ನೀರು ಪಾ ನಂಗೆ," ಎಂದರು ಮಾಮಿ. "ಯಾವ ಜನ್ಮದ ಪುಣ್ಯಾನೋ."

ಮಾವ ಲೋಟ ಕೆಳಗಿಟ್ಟರು. "ನಾನು ಹೇಳೋದು ಆ ಮೈಕಿನವನಿಗೆ ಶಾಲು ಹೊದಿಸಬೇಕು ಅಂತ. ಚರಣ ಹಾಡ್ತಿದ್ರೆ ಕೊನೇ ಸಾಲಿಗೂ ಕಿವೀಲಿ ಹಾಡಿದ ಹಾಗೆ ಬರ್ತಿತ್ತು. ಏನು ಕ್ಲಿಯರ್ರು!"

ಮಾಲೀಕರು ಮೇಜು ಗುದ್ದಿ ನಕ್ಕರು. "ಹ್ಹ! ಕೆಟ್ಟ ಮೈಕಿಗೆ ಶಾಲು! ನಿಮ್ಮ ಕುಶಾಲೇ ಕುಶಾಲು ಮಾರಾಯ್ರೆ!" ಮಾಮಿಯೂ ನಕ್ಕರು. ಮಾವ ಇಬ್ಬರ ಮುಖವನ್ನೂ ನೋಡಿ, ಅರ್ಧ ಗಳಿಗೆ ತಡವಾಗಿ, ತಾವೂ ನಕ್ಕರು.

ನಾನು ನಗಲಿಲ್ಲ. ಆವತ್ತು ಅವರ ಪಕ್ಕದಲ್ಲೇ ಕೂತಿದ್ದವಳು ನಾನು. ಮೈಕು ನಿಂತಾಗ "ಕೇಳಿಸ್ತಿದ್ಯಾ ಮಾವ?" ಎಂದು ಪಿಸುಗುಟ್ಟಿದ್ದೆ. ಅವರು ವೇದಿಕೆಯಿಂದ ಕಣ್ಣು ಕೀಳದೆ 'ಆಹಾ' ಎಂಬಂತೆ ತಲೆಯಾಡಿಸಿದ್ದರು. ತೊಡೆಯ ಮೇಲೆ ತಾಳ ಬೀಳುತ್ತಿತ್ತು, ಒಂದು ಪೆಟ್ಟೂ ತಪ್ಪಿರಲಿಲ್ಲ. ಗಾಯಕಿ ಮೈಕಿನವನತ್ತ ಕೈಸನ್ನೆ ಮಾಡಿದ್ದನ್ನು ಅವರು ನೋಡಿರಲೇಬೇಕು. ಆದರೆ ಈ ಊರಿನ ವೇದಿಕೆಯಲ್ಲಿ ಮೈಕಿನವನಿಗೆ ಕೈಸನ್ನೆ ಮಾಡದ ಗಾಯಕರು ಯಾರಿದ್ದಾರೆ? ಇನ್ನೂರು ಕಚೇರಿ ನೋಡಿದವರಿಗೆ ಅದೊಂದು ಸುದ್ದಿಯೇ ಅಲ್ಲ.

ಇನ್ನೊಂದು ವಿಷಯವೂ ಆಗಲೇ ಹೊಳೆಯಿತು. ಎರಡು ವರ್ಷದಿಂದ ಮಾವ ಮುಂದಿನ ಸಾಲು ಬಿಟ್ಟು ಹಿಂದಕ್ಕೆ ಬಂದಿದ್ದರು. 'ಹಿಂದೆ ಕೂತ್ರೆ ನಾದ ಪಾಕ ಆಗಿ ಬರತ್ತೆ' ಎನ್ನುತ್ತಿದ್ದರು. ಕಿವಿ ಮಂದವಾದವರು ಮುಂದಕ್ಕೆ ಹೋಗುತ್ತಾರಲ್ಲವೆ? ಹೌದು. ಆದರೆ ಹಿಂದೆ ಕೂತರೆ ಎದುರಿಗೆ ತಾಳ ಹಾಕುವ ಮುನ್ನೂರು ಕೈಗಳು ಕಾಣುತ್ತವೆ.

ಮಾಮಿ ಈಗ ಬೇರೆ ಮಾತಿಗೆ ಬಂದಿದ್ದರು. ಮುಂದಿನ ಭಾನುವಾರ ಈ ಊರಿನ ಕನ್ನಡ ಸಂಘದ ಮಕ್ಕಳ ಗಾಯನ ಸ್ಪರ್ಧೆ. ಮೊದಲು ಬಂದವರಿಗೆ ಸೀಸನ್ನಿನ ಬೆಳಗಿನ ಹೊತ್ತು ಅರ್ಧ ಗಂಟೆ ವೇದಿಕೆ ಸಿಗುತ್ತದೆ. ಮಾಮಿಯ ಮೊಮ್ಮಗಳಿಗೆ ಹದಿನಾರು, ವಯಸ್ಸಿನ ಮಿತಿಯಂತೆ ಇದೇ ಕೊನೆಯ ಅವಕಾಶ. ತೀರ್ಪುಗಾರರು ಮೂವರು, ಅದರಲ್ಲಿ ಮಾವ ಒಬ್ಬರು.

"ನಾನು ಶಿಫಾರಸು ಮಾಡ್ತಿಲ್ಲ, ತಪ್ಪು ತಿಳ್ಕೋಬೇಡಿ," ಎಂದರು ಮಾಮಿ. "ನಿಮ್ಮ ಕಿವಿ ಮೇಲೆ ನಂಬಿಕೆ, ಅಷ್ಟೇ." ಹೇಳಿ, ಮಾತ್ರೆ ಹುಡುಕಲು ಚೀಲಕ್ಕೆ ಕೈ ಹಾಕಿದರು. ಮಾಲೀಕರು ಗಲ್ಲಾದ ಕಡೆ ಎದ್ದು ಹೋದರು.

ಆಗ ನಾನು ಮಾಡಿದ್ದು ಒಳ್ಳೆಯ ಕೆಲಸವಲ್ಲ. ಕಾಫಿ ಲೋಟವನ್ನು ಬಾಯಿಗೆ ಅಡ್ಡ ಹಿಡಿದು, ಎಂದಿನ ದನಿಯಲ್ಲೇ ಕೇಳಿದೆ: "ಮಾವ, ಆವತ್ತು ಎಷ್ಟು ಹೊತ್ತು ಕೆಟ್ಟಿತ್ತು ಮೈಕು?"

"ಬೇಡ ಕಣೇ," ಎಂದರು ಮಾವ. "ಒಂದಾಯ್ತಲ್ಲ, ಇನ್ನೊಂದು ಕಾಫಿ ಕುಡಿದ್ರೆ ಊಟ ಸೇರಲ್ಲ."

ನಾನು ಲೋಟ ಇಳಿಸಿದೆ. ಅವರು ಲೋಟವನ್ನು ನೋಡಿದರು, ನನ್ನ ತುಟಿಯನ್ನು ನೋಡಿದರು. ಅವರಿಗೆ ಎಲ್ಲ ಗೊತ್ತಾಯಿತು.

"ಬಾ ಹೊರಗೆ," ಎಂದರು.

ಫುಟ್‌ಪಾತಿನ ಮೇಲೆ ಸಾಲಾಗಿ ನಿಲ್ಲಿಸಿದ ಬೈಕುಗಳ ನಡುವೆ ನಿಂತೆವು. ನಾನು ಅವರಿಗೆ ಎದುರಾಗಿ ನಿಂತು, ಮಾತು ನಿಧಾನ ಮಾಡಿದೆ.

"ಎಷ್ಟು ದಿನದಿಂದ?"

"ಕೇಳತ್ತೆ ಕಣೇ, ಸ್ವಲ್ಪ. ಹತ್ರ ಕೂತು ಮಾತಾಡಿದ್ರೆ ಕೇಳತ್ತೆ."

"ಕಿವಿಗೆ ಮಿಷನ್ ಹಾಕ್ಕೋಬಹುದಲ್ಲ?"

"ಹಾಕ್ಕೊಂಡೆ, ಎರಡು ದಿನ. ಅದರಲ್ಲಿ ತಂಬೂರಿ ಮಿಕ್ಸಿ ತಿರುಗಿದ ಹಾಗೆ ಕೇಳತ್ತೆ. ಅದಕ್ಕಿಂತ ಇದೇ ವಾಸಿ."

"ಸರಿ. ಸ್ಪರ್ಧೆಗೆ ಹೇಗೆ ಕೂತ್ಕೋತೀರಿ?"

ಅವರಿಗೆ ರೇಗಿತು. "ಏನೇ, ನಲವತ್ತು ವರ್ಷ ಕೇಳಿದೀನಿ. ಮಗು ಬಾಯಿ ತೆರೆಯೋದ್ರಲ್ಲೇ ಗೊತ್ತಾಗತ್ತೆ ಪಾಠ ಎಂಥದ್ದು ಅಂತ. ಉಸಿರು ಎಲ್ಲಿ ತಗೋತಾಳೆ, ತಾಳ ಎಲ್ಲಿ ಜಾರತ್ತೆ, ಗಮಕಕ್ಕೆ ಕುತ್ತಿಗೆ ಹೇಗಾಡತ್ತೆ, ಎಲ್ಲಾ ಕಾಣತ್ತೆ."

ಒಳ್ಳೆಯ ವಾದ. ಬೇರೆ ದಿನವಾಗಿದ್ದರೆ ಮೆಚ್ಚುತ್ತಿದ್ದೆ.

"ಶ್ರುತಿ ಕಾಣತ್ತಾ ಮಾವ?"

ಆಟೋ ಒಂದು ಹಾರನ್ ಹೊಡೆಯುತ್ತ ಅವರ ಬೆನ್ನಿಗೆ ತಾಗುವಂತೆ ಹೋಯಿತು. ಅವರು ಬೆಚ್ಚಲಿಲ್ಲ, ನಾನು ಬೆಚ್ಚಿದೆ. ಚರ್ಚಾಸ್ಪರ್ಧೆಯಲ್ಲಿ ಗೆದ್ದವರು ಎದುರಾಳಿಯ ಕೈ ಕುಲುಕುವುದು ಪದ್ಧತಿ. ಇಲ್ಲಿ ನನ್ನ ಕೈಯನ್ನು ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

"ಹುಷಾರಿಲ್ಲ ಅಂದುಬಿಡ್ತೀನಿ," ಎಂದರು ಕೊನೆಗೆ. "ಬೇರೆಯವರನ್ನ ಕರೀತಾರೆ. ನೀನು ಸುಮ್ನಿದ್ರೆ ಸಾಕು."

"ಮುಂದಿನ ವರ್ಷ?"

"ಮುಂದಿನ ವರ್ಷದ್ದು ಮುಂದಿನ ವರ್ಷ. ಆ ಮೇಜೊಂದಿದೆ ಕಣೇ ನನಗೆ ಈ ಊರಲ್ಲಿ. ಕಿವಿಯಾರೆ ಕೇಳಿದವರು ಮಾತ್ರ ಕೂರೋ ಮೇಜು."

ನಾನು ಇಲ್ಲ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಅವರು ನನ್ನ ಮುಖ ನೋಡುತ್ತಲೇ ಇದ್ದರು. ಆಮೇಲೆ ಪಂಚೆ ಎತ್ತಿ ಕಟ್ಟಿಕೊಂಡು, ನನಗಿಂತ ಮುಂದೆ ಒಳಗೆ ನಡೆದರು.

ಮಾಮಿ ಮಾತ್ರೆ ನುಂಗಿ ನೀರು ಕುಡಿಯುತ್ತಿದ್ದರು. ಮಾಲೀಕರು ವಾಪಸ್ ಬಂದು ಕೂತಿದ್ದರು. ಮಾವ ನಿಂತೇ ಹೇಳಿದರು.

"ಆವತ್ತು ಮೈಕು ಕೆಟ್ಟಿದ್ದು ನನಗೆ ಗೊತ್ತಾಗಿರಲಿಲ್ಲ. ನನಗೆ ಹಾಡು ಕೇಳಿಸಲ್ಲ ಮಾಮಿ. ಸ್ಪರ್ಧೆಗೆ ಬೇರೆ ಯಾರನ್ನಾದ್ರೂ ಕೂರಿಸಿ."

ಮಾಲೀಕರು ಮೊದಲು ನಗಲು ಹೊರಟರು, ನನ್ನನ್ನು ನೋಡಿ ನಿಂತರು. "ಕೂತ್ಕೊಳ್ಳಿ ಮಾರಾಯ್ರೆ. ಎಂತ ನಿಂತದ್ದು," ಎಂದು ಕುರ್ಚಿ ಎಳೆದರು. ಮಾಮಿ ಲೋಟದೊಳಗೇ ನೋಡುತ್ತ, ಮೆಲ್ಲನೆ ಏನೋ ಕೇಳಿದರು. ಮಾವನಿಗೆ ತುಟಿ ಕಾಣಲಿಲ್ಲ. ಅವರು ನನ್ನ ಕಡೆ ತಿರುಗಿದರು.

ಅದನ್ನು ಮತ್ತೆ ಹೇಳದಿರಲು ನನಗೆ ದಾರಿಯಿರಲಿಲ್ಲ. ಅವರಿಗೆ ಕಾಣುವಂತೆ, ಒಂದೊಂದೇ ಮಾತಾಗಿ ಹೇಳಿದೆ: "ಹೋದ ವರ್ಷಾನೂ ಕೇಳಿಸ್ತಿರಲಿಲ್ವಾ ಅಂತಾರೆ."

ಹೋದ ವರ್ಷವೂ ಅವರೇ ತೀರ್ಪುಗಾರರು. ಹುಡುಗಿಗೆ ಎರಡನೆಯ ಸ್ಥಾನ ಬಂದಿತ್ತು.

"ಇಲ್ಲ," ಎಂದರು ಮಾವ.

"ಶ್ರುತಿ ನಿಲ್ಲಲ್ಲಾಂತ ಬರೆದುಕೊಟ್ರಲ್ಲ?" ಮಾಮಿ ಈಗ ತಲೆಯೆತ್ತಿದ್ದರು. "ಹೇಗೆ ಬರೆದ್ರಿ?"

"ಮೇಲಿನ ಷಡ್ಜಕ್ಕೆ ಹೋದಾಗೆಲ್ಲ ಹುಬ್ಬು ಗಂಟಿಕ್ಕಿದಳು. ಕಷ್ಟಪಡ್ತಿದಾಳೆ ಅಂದುಕೊಂಡೆ."

"ಅವಳು ಕೊಳಂದೆ ಪಾ, ಕಣ್ಣು ಸರಿಯಿಲ್ಲದ ಮಗು! ವೇದಿಕೆ ಮೇಲೆ ಕನ್ನಡಕ ಬೇಡಾಂತ ನಾನೇ ತೆಗೆಸಿದ್ದೆ. ಆರು ತಿಂಗಳು ತಂಬೂರಿ ಮುಟ್ಟಲಿಲ್ಲ ಅವಳು, ತನ್ನ ಶ್ರುತೀನೇ ಸರಿಯಿಲ್ಲಾಂತ."

ಮಾತು ವೇಗವಾಗಿ ಬಂದಿತ್ತು. ಮಾವ ಮತ್ತೆ ನನ್ನನ್ನು ನೋಡಿದರು. ಅದನ್ನೂ ಹೇಳಿದೆ, ಆರು ತಿಂಗಳನ್ನೂ ಬಿಡದೆ.

ಮಾಲೀಕರು ಎಳೆದಿಟ್ಟ ಕುರ್ಚಿಯಲ್ಲಿ ಮಾವ ಕೂರಲಿಲ್ಲ. "ಈಗ ಮನೇಲಿದಾಳಾ?" ಎಂದು ಕೇಳಿದರು. ಮಾಮಿ ಹೌದೆಂದು ತಲೆಯಾಡಿಸಿದರು.

"ನೀನೂ ಬಾ," ಎಂದರು ನನಗೆ, ಚಪ್ಪಲಿ ಮೆಟ್ಟುತ್ತ. "ಆ ಹುಡುಗಿ ಕನ್ನಡದಲ್ಲಿ ಕೇಳಿದ್ರೂ ತಮಿಳಲ್ಲೇ ಉತ್ತರ ಕೊಡೋದು. ತಮಿಳು ನಾನು ಕಿವೀಲಿ ಕಲಿತಿದ್ದು, ತುಟಿ ನೋಡಿದ್ರೆ ಗೊತ್ತಾಗಲ್ಲ. ಅವಳು ಬೈದದ್ದನ್ನ ಒಂದೂ ಬಿಡದೆ ಹೇಳು."