ಆಲ್ಬಮ್ಮಿಗೆ ಸೇರದ ಅಕ್ಕ

“ಬಾಗಲದಾಗ ನಿಂತಾರಲ್ರಿ, ಇವರೇನು ನಿಮ್ಮ ಅಕ್ಕಾರು?” ಎಂದು ಸಿಂದಗಿಯ ಫೋಟೋ ಸ್ಟುಡಿಯೋದವರು ಕೇಳಿದಾಗ, ಕಂಪ್ಯೂಟರಿನ ಪರದೆಗೆ ಮುಖ ತಾಗುವಷ್ಟು ಬಗ್ಗಿ ನೋಡಿದೆ. ಅವಳೇ.

ಅಕ್ಕ ತೀರಿಕೊಂಡು ಒಂಬತ್ತು ದಿನವಾಗಿತ್ತು. ಗೋಡೆಗೆ ಹಾಕಲು ಅವಳದೊಂದು ಫೋಟೋ ಮನೆಯಲ್ಲಿರಲಿಲ್ಲ. ನನ್ನ ಮಗಳ ಮದುವೆಯ ಆಲ್ಬಮ್ಮಿನಲ್ಲೂ ಅವಳಿಲ್ಲ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ಮದುಮಕ್ಕಳ ತಲೆಗೆ ಅಕ್ಕಿಕಾಳು ಹಾಕುವ ಹೊತ್ತಿಗೆ ಬೀಗರು ಏನೆಂದಾರೋ ಎಂದು ಹೆದರಿ, “ಅಕ್ಕಾ, ನೀ ಜರಾ ಒಳಗಿರು” ಎಂದು ನಾನೇ ಹೇಳಿದ್ದೆ. “ಆತವ್ವಾ, ಒಳಗೂ ಕೆಲಸ ಭಾಳ ಐತಿ” ಎಂದು ನಕ್ಕು ಹೋಗಿದ್ದಳು.

ಆಲ್ಬಮ್ಮಿಗೆ ಸೇರದ ಫೋಟೋಗಳೂ ಸ್ಟುಡಿಯೋದ ಕಂಪ್ಯೂಟರಿನಲ್ಲಿ ಉಳಿದಿದ್ದವು. ಅವರು ಒಂದೊಂದನ್ನೇ ತೆರೆದು ತೋರಿಸುತ್ತಾ ಬಂದಿದ್ದರು. ಯಾರದೋ ತಲೆ ಅಡ್ಡ ಬಂದಿದೆಯೆಂದು ಕೈಬಿಟ್ಟಿದ್ದ ಫೋಟೋ ಇದು. ದೊಡ್ಡದು ಮಾಡಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತ ಅಕ್ಕ, ಮದುವೆಯ ಹಂದರದತ್ತ ಕೈ ಎತ್ತಿ ಅಕ್ಕಿಕಾಳು ಒಗೆಯುತ್ತಿದ್ದಳು. ಅಷ್ಟು ದೂರದಿಂದ ಒಂದು ಕಾಳೂ ಮಗಳ ತಲೆಗೆ ಮುಟ್ಟಿರಲಾರದು.

“ಮುಖ ಅಷ್ಟ ಕಟ್ ಮಾಡಿ, ಹಿಂದ ನೀಲಿ ಬಣ್ಣ ಹಾಕಿ ಕೊಡ್ಲೇನ್ರಿ?” ಎಂದರು.

“ಬ್ಯಾಡ್ರಿ, ಕೈನೂ ಇರ್ಲಿ” ಎಂದೆ.

ಆ ಫೋಟೋ ಈಗ ನಮ್ಮ ಪಡಸಾಲೆಯಲ್ಲಿದೆ. ಅಕ್ಕ ಯಾಕೆ ಹೀಗೆ ಕೈ ಎತ್ತಿದ್ದಾಳೆಂದು ಬಂದವರು ಕೇಳುತ್ತಾರೆ. ಅದನ್ನು ಹೇಳಬೇಕಾದರೆ ನಾನು ಮಾಡಿದ್ದನ್ನೂ ಹೇಳಬೇಕಾಗುತ್ತದೆ. ಹೇಳುತ್ತೇನೆ.