ಉಪ್ಪಿಟ್ಟು ಮುಟ್ಟದ ಗಂಡು

ತೊಂಬತ್ತರ ದಶಕದ ನಡುವೆ ನಾನು ಹೆಣ್ಣು ನೋಡಲೆಂದು ಹತ್ತು ಮನೆ ಹತ್ತಿಳಿದಿದ್ದೆ. ಹತ್ತೂ ಮನೆಗಳಲ್ಲಿ ಉಪ್ಪಿಟ್ಟು, ಮೆಣಸಿನಕಾಯಿ ಬೋಂಡ, ಮೇಲೊಂದು ಲೋಟ ಚಹಾ. ಹುಡುಗಿಯರ ಮುಖ ಒಂದೂ ನೆನಪಿಲ್ಲ. ಬೋಂಡಗಳು ಮಾತ್ರ ಚೆನ್ನಾಗಿ ನೆನಪಿವೆ, ಏಕೆಂದರೆ ಅವು ಎರಡು ದಿನ ನನ್ನ ಹೊಟ್ಟೆಯಲ್ಲಿ ಕುಣಿಯುತ್ತಿದ್ದವು. ಆದರೂ ತಿನ್ನಲೇಬೇಕು. ನಮ್ಮ ಕಡೆ ಗಂಡು ತಟ್ಟೆ ಮುಟ್ಟದೆ ಎದ್ದರೆ ಹೆಣ್ಣು ಬೇಡವೆಂದೇ ಅರ್ಥ. ಬಾಯಿಬಿಟ್ಟು ಬೇಡವೆನ್ನುವ ಮುಜುಗರ ತಪ್ಪಲೆಂದು ಹಿರಿಯರು ಮಾಡಿಕೊಂಡ ಏರ್ಪಾಡು ಅದು. ನಾನು ಮರ್ಯಾದೆಯಿಂದ ತಿಂದು ಬರುತ್ತಿದ್ದೆ, ಅವರು ಮರ್ಯಾದೆಯಿಂದ ನನ್ನನ್ನೇ ಬೇಡವೆನ್ನುತ್ತಿದ್ದರು. ಗಂಡು ಬಡಕಲು, ಕೂತಲ್ಲೇ ತೂಕಡಿಸುತ್ತಾನೆ ಎಂಬುದು ಅವರ ದೂರು. ಸುಳ್ಳೇನಲ್ಲ.

ಶಿಕಾರಿಪುರದಲ್ಲಿ ನಮ್ಮದು ಗೊಬ್ಬರದ ಅಂಗಡಿ. ಮಧ್ಯಾಹ್ನ ಯೂರಿಯಾ ಚೀಲಕ್ಕೆ ಒರಗಿದೆನೆಂದರೆ ಗಿರಾಕಿಯೇ ಬಂದು ಎಬ್ಬಿಸಬೇಕಿತ್ತು. ಇಪ್ಪತ್ತೇಳಕ್ಕೇ ಮೊಣಕಾಲು ನೋವು, ಬಾಯಲ್ಲಿ ಹುಣ್ಣು, ಎಲ್ಲರ ಮೇಲೂ ಸಿಡುಕು. ಹೊಟ್ಟೆ ದಿನಕ್ಕೆ ನಾಲ್ಕು ಸಲ ಕರೆಯುತ್ತಿತ್ತು. ಎಷ್ಟೋ ವರ್ಷಗಳಿಂದ ಹಾಗೇ ಇದ್ದುದರಿಂದ ಎಲ್ಲರಿಗೂ ಹಾಗೇ ಎಂದುಕೊಂಡಿದ್ದೆ. ಮೊಣಕಾಲಿಗೆ ಔಷಧಿ ಅಂಗಡಿಯಿಂದ ತಂದ ನೋವಿನ ಗುಳಿಗೆ, ಹುಣ್ಣಿಗೆ ತುಪ್ಪ, ನಿದ್ದೆಗೆ ಚಹಾ, ಸಿಡುಕಿಗೆ ಮದುವೆ. ಕೊನೆಯ ಮದ್ದು ಬರೆದುಕೊಟ್ಟವಳು ಅವ್ವ.

ಹತ್ತನೆಯ ಮನೆಯ ಬೋಂಡ ತಿಂದು ಬಂದ ಮೇಲೆ ಎದ್ದು ನಿಲ್ಲಲಾಗಲಿಲ್ಲ. ಪೇಟೆಯ ವಯಸ್ಸಾದ ಡಾಕ್ಟರರು ಹೊಟ್ಟೆ ಒತ್ತಿ ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಚೀಟಿ ಮೇಲೆ ಬೆರಳಿಟ್ಟರು.

"ನಿಂದು ನಾಕು ರೋಗ ಅಲ್ಲಪಾ, ಒಂದ. ಕರುಳಿನಾಗ ಸಣ್ಣಗೆ ಉರಿಯೂತ ಐತಿ. ಜೋರಾಗಿದ್ರ ಅವತ್ತ ಓಡಿ ಬರ್ತಿದ್ದಿ. ಸಣ್ಣಗೈತಿ ಅಂತ ಸುಮ್ನ ಕುಂತಿ, ಅದು ಮೈತುಂಬ ಕೆಲಸ ಮಾಡೇತಿ."

ಅವರು ಬಿಡಿಸಿ ಹೇಳಿದರು. ಕೆರಳಿದ ಕರುಳು ಉಂಡದ್ದರ ಸತ್ವವನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ರಕ್ತ ಕಡಿಮೆಯಾಗಿ ಮೈ ಸೋಲುತ್ತದೆ, ಬಾಯಿ ಹುಣ್ಣಾಗುತ್ತದೆ. ಅಲ್ಲಿಯ ಉರಿಯೂತ ಕೀಲುಗಳನ್ನೂ ಬಿಡುವುದಿಲ್ಲ. ನಾನು ನುಂಗುತ್ತಿದ್ದ ನೋವಿನ ಗುಳಿಗೆ ಕರುಳನ್ನು ಇನ್ನಷ್ಟು ಕೆದಕಿತ್ತು. ಗುಳಿಗೆ ಬಂದ್, ಚಹಾ ಬಂದ್, ಖಾರ, ಕರಿದದ್ದು ಬಂದ್. ಅವರು ಕೊಟ್ಟ ಔಷಧಿ, ಗಂಜಿ, ಮೆತ್ತಗಿನ ಅನ್ನ. ನನಗೋ ಕುಣಿಯುವಷ್ಟು ಖುಷಿ. ನಾಲ್ಕು ರೋಗದವನಾಗಿ ಒಳಗೆ ಹೋದವನು ಒಂದೇ ರೋಗದವನಾಗಿ ಹೊರಬಂದಿದ್ದೆ! ಎರಡು ತಿಂಗಳಲ್ಲಿ ಯೂರಿಯಾ ಚೀಲದ ಮೇಲಿನ ನಿದ್ದೆ ಅರ್ಧಕ್ಕರ್ಧ ಇಳಿಯಿತು.

ಅಷ್ಟರಲ್ಲಿ ಹನ್ನೊಂದನೆಯ ಮನೆ ಬಂತು. ಸೊರಬದ ಆಚೆ, ಕುಪ್ಪಗಡ್ಡೆ. ಬಸ್ಸಿನಲ್ಲಿ ಚಿಕ್ಕಪ್ಪ ನನ್ನ ಕಿವಿಯಲ್ಲಿ ಎಚ್ಚರಿಸಿದ: "ಹೊಟ್ಟಿ ಸುದ್ದಿ ತಗೀಬ್ಯಾಡ. ರೋಗದ ಗಂಡು ಅಂತ ಹೆಸರು ಬಿತ್ತಂದ್ರ ಈ ಜನ್ಮದಾಗ ನಿಂಗ ಹೆಣ್ಣಿಲ್ಲ."

ಹುಡುಗಿ ತಟ್ಟೆ ತಂದಿಟ್ಟಳು. ಗತ್ತಿನಿಂದ ಬಗ್ಗಿದ ಚಿಕ್ಕಪ್ಪನ ಶಲ್ಯದ ತುದಿ ಸೀದಾ ಚಹಾ ಲೋಟಕ್ಕೆ ಇಳಿಯಿತು. ಅವಳು ತುಟಿ ಕಚ್ಚಿ ಹಿಡಿದ ನಗು ಮೂಗಿನಿಂದ ಹೊರಬಿತ್ತು. ಮುಗಿಯಿತು, ನಾನು ಅಲ್ಲೇ ಬಿದ್ದೆ. ಇಂಥ ನಗು ಮನೆಯಲ್ಲಿದ್ದರೆ ಇನ್ನೇನು ಬೇಕು ಎಂದು ತಲೆ ಗಿರ್ರೆಂದಿತು. ಆ ಅಮಲಿನಲ್ಲಿ ತಟ್ಟೆ ಮುಟ್ಟಲೂ ಇಲ್ಲ, ಬಾಯಿ ಬಿಡಲೂ ಇಲ್ಲ. ಚಿಕ್ಕಪ್ಪ ಏನಾದರೂ ನೆಪ ಹೇಳುತ್ತಾನೆಂದು ಕೂತಿದ್ದೆ. ಚಿಕ್ಕಪ್ಪ ಒಮ್ಮೆ ನನ್ನ ತಟ್ಟೆ ನೋಡಿದ, ಎದ್ದು ಕೈಮುಗಿದ. "ಊರಿಗೆ ಹೋಗಿ ಕಾಗದ ಹಾಕ್ತೀವ್ರಿ."

ಬಸ್ಸು ನಿಲ್ಲುವಲ್ಲಿಗೆ ಬಂದ ಮೇಲೆ ಅವನೇ ಸಮಾಧಾನ ಹೇಳಿದ: "ಹೋಗ್ಲಿ ಬಿಡು. ನಿಂಗ ಹಿಡಿಸಲಿಲ್ಲಂದ್ರ ಒತ್ತಾಯ ಏನೈತಿ?"

"ಹಿಡಿಸಲಿಲ್ಲ ಅಂತ ಯಾರಂದ್ರು?"

"ಮತ್ತ ತಟ್ಟಿ ಮುಟ್ಟಲಿಲ್ಲಲ್ಲೋ! ಹಿಡಿಸಿದ್ರ ಒಂದ್ ತುತ್ತು ಉಪ್ಪಿಟ್ಟಾದ್ರೂ ಬಾಯಿಗೆ ಹಾಕ್ತಿದ್ದಿ ಅಂದ್ಕೊಂಡೆ."

ನಾನು ಓಡಿದೆ. ಅಂಗಡಿಯ ಅಟ್ಟ ಹತ್ತಲು ಏದುಸಿರು ಬಿಡುತ್ತಿದ್ದವನು ಊರ ನಡುವೆ ಪಂಚೆ ಎತ್ತಿಕಟ್ಟಿ ಓಡಿದೆ. ಮೊಣಕಾಲು ಚಕಾರವೆತ್ತಲಿಲ್ಲ. ಅದು ಎಷ್ಟು ಮಜವಾಗಿತ್ತೆಂದರೆ, ಯಾಕೆ ಓಡುತ್ತಿದ್ದೇನೆಂಬುದನ್ನೇ ಒಂದು ಗಳಿಗೆ ಮರೆತೆ.

ಅವಳ ಅಪ್ಪ ಜಗಲಿಯಲ್ಲೇ ಕೂತಿದ್ದರು. "ಎಂತ ಮರೆತು ಹೋದ್ರಿ?"

"ಹೇಳೋದು ಮರ್ತಿದ್ದೆ ನೋಡ್ರಿ," ಎಂದು ಎಲ್ಲವನ್ನೂ ಒದರಿಬಿಟ್ಟೆ. ಕರುಳು, ಉರಿಯೂತ, ಹುಣ್ಣು, ಮೊಣಕಾಲು, ಗಂಜಿ. ಅಷ್ಟರಲ್ಲಿ ಏದುತ್ತ ಬಂದ ಚಿಕ್ಕಪ್ಪ ನನ್ನ ಮಾತು ಕೇಳಿ ತಲೆಯ ಮೇಲೆ ಕೈಹೊತ್ತು ಮೆಟ್ಟಿಲ ಮೇಲೆ ಕೂತ. ಅವಳ ಅಪ್ಪ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಇಲ್ಲೂ ಬೇಡವೆಂದರೆ ಈ ಸಲ ನಿಜಕ್ಕೂ ನೋಯುತ್ತದೆಂದು ಗೊತ್ತಿತ್ತು.

ಅಡುಗೆಮನೆಯ ಬಾಗಿಲಿನಿಂದ ಅವಳ ದನಿ ಬಂತು. "ದಿನಕ್ಕೆ ಎಷ್ಟು ಸಲ ಹೋಗ್ತೀರಿ?"

"ಏಯ್!" ಎಂದರು ಅವಳ ತಾಯಿ.

"ಮೊದ್ಲು ನಾಕು. ಈಗ ಎರಡ್ರೀ," ಎಂದೆ, ಶಾಲೆಯಲ್ಲಿ ಮಗ್ಗಿ ಒಪ್ಪಿಸುವವನಂತೆ.

"ಹಂಗಾರೆ ಕಮ್ಮಿ ಆಗ್ತಾ ಐತಲ್ಲ ಅಪ್ಪಯ್ಯ," ಎನ್ನುತ್ತ ಹೊರಗೆ ಬಂದಳು. ಮುಖ ತೊಳೆದಿದ್ದಳು, ಆದರೂ ಕಣ್ಣು ಕೆಂಪಗಿದ್ದವು. "ನನ್ನ ಮುಖ ನೋಡಿ ತಟ್ಟೆ ಬಿಟ್ರು ಅಂದ್ಕಂಡಿದ್ದೆ," ಎಂದಳು.

ನನ್ನನ್ನು ಎಲ್ಲಿ ಬೇಡವೆನ್ನುತ್ತಾರೋ ಎಂದು ನನ್ನ ಕರುಳನ್ನೇ ಕಾಯುತ್ತಿದ್ದವನಿಗೆ, ಆ ಅರ್ಧ ಗಂಟೆ ಒಲೆಯ ಮುಂದೆ ಇನ್ನೊಬ್ಬಳು ಅದೇ ನೋವನ್ನು ನುಂಗುತ್ತ ನಿಂತಿದ್ದಳೆಂಬುದು ಹೊಳೆದೇ ಇರಲಿಲ್ಲ. ಎಂಥ ಪೆದ್ದ ನಾನು!

"ಬ್ಯಾಡ ಅಂದಿದ್ದು ಬೋಂಡಕ್ಕ," ಎಂದೆ.

ಈ ಸಲ ಅವಳು ತುಟಿ ಕಚ್ಚಲಿಲ್ಲ, ಬಾಯ್ತುಂಬ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡು, ಅಪ್ಪನ ಅಪ್ಪಣೆಗೂ ಕಾಯದೆ, ಗಂಜಿಗೆ ಅಕ್ಕಿ ತೊಳೆಯಲು ಒಳಗೆ ಹೋದಳು.